ಸುರುಳಿಯೊಳಗಿನ ಹೆಂಗಸು

ಯಾಮಿನಿ ಕಿರುಚಿದ ಸದ್ದಿಗೆ ಶಶಿಕಾಂತ ಬಾಯೊಳಗಿನ ಬ್ರಶ್ಶನ್ನೂ ತೆಗೆಯದೆ ಬಚ್ಚಲಿನಿಂದ ಓಡಿ ಬಂದ. ಊಟದ ಮೇಜಿನ ಮೇಲೆ ಜಪಾನೀ ಸುರುಳಿ ಕೊನೆಯವರೆಗೂ ಬಿಚ್ಚಿಕೊಂಡು ಬಿದ್ದಿತ್ತು. ಕೊನೆಯ ಚಿತ್ರದಲ್ಲಿ ಮಂಡಿಯೂರಿ ಕುಳಿತಿದ್ದ ಹೆಂಗಸಿಗೆ ಈಗ ಮುಖವೇ ಇರಲಿಲ್ಲ. ಮುಖವಿದ್ದ ಕಡೆ ಅಂಗೈಯಗಲದ ಕೆಂಪು ಕಲೆ. ಅದೇ ಕಲೆ ಸ್ವಲ್ಪ ಸಣ್ಣದಾಗಿ ಪಕ್ಕದಲ್ಲಿ, ಇನ್ನೂ ಸಣ್ಣದಾಗಿ ಅದರಾಚೆ ಮೂಡಿತ್ತು.

“ಭಾವ, ಇದು ಬ್ಲಡ್ ಥರ ಇದೆ” ಎಂದಳು ಯಾಮಿನಿ. “ರಾತ್ರಿ ಸುತ್ತಿಟ್ಟಾಗ ಏನೂ ಇರ್ಲಿಲ್ಲ. ಈಗಲೂ ದಾರ ನೀಟಾಗಿ ಕಟ್ಟಿದ ಹಾಗೇ ಇತ್ತು, ಬಿಚ್ಚಿ ನೋಡಿದ್ರೆ ಹೀಗೆ!”

ಹಾಲ್‌ನ ಸೋಫಾದ ಮೇಲೆ ಮಲಗಿದ್ದ ಧೀರಜ್ ಆಗಲೇ ಎದ್ದು ಬಾಲ್ಕನಿಯ ಗಾಜಿನ ಬಾಗಿಲಿಗೆ ಮೂಗು ಒತ್ತಿಕೊಂಡು ನಿಂತಿದ್ದ. “ಸಾರ್, ಕೆಳಗಡೆ ಸ್ನೋ ಮೇಲೂ ಇದೆ” ಎಂದ. ಶಶಿಕಾಂತ ಬಗ್ಗಿ ನೋಡಿದ. ಪಾರ್ಕಿಂಗ್ ಲಾಟಿನ ಕಾರುಗಳೆಲ್ಲ ಹಿಮದಡಿ ಹುದುಗಿ ಬರೀ ದಿಬ್ಬಗಳಾಗಿದ್ದವು. ಬಾಲ್ಕನಿಯ ಕೆಳಗೆ ಬೆಳ್ಳಗಿನ ಹಿಮದ ಮೇಲೆ ಯಾರೋ ಎರಚಿದಂತೆ ಕೆಂಪು ಚೆಲ್ಲಿತ್ತು. ಸುತ್ತ ಎಲ್ಲೂ ಒಂದು ಹೆಜ್ಜೆಯ ಗುರುತಿರಲಿಲ್ಲ.

ತೊಂಬತ್ತಾರರ ಜನವರಿಯ ಆ ಹಿಮ ಮೇರಿಲ್ಯಾಂಡಿನವರಿಗೆ ಬಹುಕಾಲ ನೆನಪಿರುವಂಥದ್ದು. ಜರ್ಮನ್‌ಟೌನಿನ ಆ ಅಪಾರ್ಟ್‌ಮೆಂಟಿನಿಂದ ಯಾರೂ ಹೊರಗೆ ಹೋಗುವಂತಿರಲಿಲ್ಲ, ಯಾರೂ ಒಳಗೆ ಬರುವಂತೆಯೂ ಇರಲಿಲ್ಲ. ಅಂದಮೇಲೆ ಇದು ಮನೆಯೊಳಗಿನವರದೇ ಕೆಲಸ. ಇಲ್ಲವೇ, ಸೋಫಾದ ಕಡೆ ಹಿಂದೆ ಸರಿಯುತ್ತಿದ್ದ ಧೀರಜನ ಮುಖ ನೋಡಿದರೆ, ಸುರುಳಿಯೊಳಗಿನವರ ಕೆಲಸ.

ಆ ಸುರುಳಿ ಕೆಳಗಿನ ಮನೆಯ ಮಿಸೆಸ್ ಇಶಿದಾ ಅವರದು. ಅವರ ಅಜ್ಜಿಯಿಂದ ಬಂದದ್ದು. ಯಾಮಿನಿ ಶಶಿಕಾಂತನ ಹೆಂಡತಿ ಕಾತ್ಯಾಯಿನಿಯ ತಂಗಿ. ಡರ್ಹಮ್‌ನ ಯೂನಿವರ್ಸಿಟಿಯಲ್ಲಿ ಜಪಾನಿನ ಹಳೆಯ ಸಾಹಿತ್ಯ ಓದುತ್ತಿದ್ದಳು. ಅದರಲ್ಲೂ ಅದರೊಳಗಿನ ದೆವ್ವ, ಭೂತ, ಮಾಯಾವಿಗಳನ್ನು. ರಜೆಗೆ ಅಕ್ಕನ ಮನೆಗೆ ಬಂದಾಗಲೆಲ್ಲ ಮಿಸೆಸ್ ಇಶಿದಾ ಅವರ ಬಳಿ ಕೂತು ಹಳೆಯ ಲಿಪಿ ಕಲಿಯುತ್ತಿದ್ದಳು. ಡಿಪಾರ್ಟ್‌ಮೆಂಟಿನಲ್ಲಿ ತನ್ನ ವಿಷಯ ಮಂಡಿಸುವಾಗ ತೋರಿಸಲಿ ಎಂದು ಅವರು ಯಾರಿಗೂ ಕೊಡದ ಸುರುಳಿಯನ್ನು ಅವಳಿಗೆ ಕೊಟ್ಟಿದ್ದರು. ಹಿಮ ಬಿದ್ದು ಯಾಮಿನಿ ಇಲ್ಲೇ ಸಿಕ್ಕಿಕೊಂಡಳು. ಅವಳನ್ನು ನೋಡಲೆಂದು ಶಾರ್ಲೆಟ್‌ನಿಂದ ಬಂದ ಗಂಡು ಧೀರಜನೂ ಸಿಕ್ಕಿಕೊಂಡ. ಹೆಣ್ಣು ನೋಡಲು ಬಂದವನು ಹೆಣ್ಣಿನ ಮನೆಯ ಸೋಫಾದಲ್ಲೇ ಎರಡು ರಾತ್ರಿ ಮಲಗಬೇಕಾದರೆ ಅವನ ಪಾಡು ಯಾರಿಗೆ ಬೇಕು.

ಹಿಂದಿನ ಸಂಜೆ ಹೊರಗೆ ಹಿಮ ಸುರಿಯುತ್ತಿರುವಾಗ ಇವರ ಮನೆಯಲ್ಲೇ ಎಲ್ಲರಿಗೂ ಊಟ. ಕೆಳಗಿನಿಂದ ಮಿಸೆಸ್ ಇಶಿದಾ ಬಂದಿದ್ದರು, ಮೇಲಿನ ಮನೆಯಿಂದ ರಾಮಲಿಂಗಪ್ಪನವರು ಬಂದಿದ್ದರು. ಬಿಜಾಪುರದ ಕಡೆಯ ಡಾಕ್ಟರಾದ ರಾಮಲಿಂಗಪ್ಪ ಸರ್ಕಾರಿ ಲ್ಯಾಬಿನಲ್ಲಿ ಜೀವಮಾನವೆಲ್ಲ ಸೂಕ್ಷ್ಮದರ್ಶಕದಡಿ ರಕ್ತವನ್ನೂ ಅಂಗಾಂಶವನ್ನೂ ನೋಡಿದವರು. ಕನ್ನಡ ಸಂಘದ ಯುಗಾದಿಯಲ್ಲಿ ಕಾಣೆಯಾದ ಬೆಳ್ಳಿ ದೀಪವನ್ನು ಅಧ್ಯಕ್ಷರ ಕಾರಿನ ಡಿಕ್ಕಿಯಿಂದಲೇ ತೆಗೆಸಿದ ಮೇಲೆ ಏನು ಕಳೆದರೂ ಜನ ಪೊಲೀಸರಿಗಿಂತ ಮೊದಲು ಅವರಿಗೇ ಫೋನ್ ಮಾಡುತ್ತಿದ್ದರು. ಶಶಿಕಾಂತ ಅವರ ಕಾಯಂ ಜೊತೆಗಾರ, ಡ್ರೈವರ್ ಮತ್ತು ಹೊಗಳುಭಟ್ಟ.

ಊಟಕ್ಕೆ ಮುಂಚೆ ಯಾಮಿನಿ ಸುರುಳಿಯನ್ನು ಬಲದಿಂದ ಎಡಕ್ಕೆ ತುಸುತುಸುವೇ ಬಿಚ್ಚುತ್ತ ತೋರಿಸಿದಳು. ಕೋಡಿನ ರಾಕ್ಷಸರು ಬಂದರು. ಹೆಣ್ಣಿನ ವೇಷ ತೊಟ್ಟು ಸೆರಗಿನಡಿ ಬಾಲ ಮುಚ್ಚಿಕೊಂಡ ನರಿ ಬಂತು. ಹಳತಾಯಿತೆಂದು ಬಿಸಾಡಿದ ಕೊಡೆ, ಚಪ್ಪಲಿ, ತಂತಿವಾದ್ಯಗಳು ಸಿಟ್ಟಿನಿಂದ ಕೈಕಾಲು ಮೂಡಿಸಿಕೊಂಡು ಮೆರವಣಿಗೆ ಹೊರಟಿದ್ದವು. ಉದ್ದ ಮೂಗಿನ, ರೆಕ್ಕೆಯ ಬೆಟ್ಟದ ಭೂತದ ಹೆಸರು ತೆಂಗು ಎಂದಾಗ ಶಶಿಕಾಂತನ ತಾಯಿ ಗೌರಾಬಾಯಿ, “ಅಯ್ಯ, ಕಾಯಿ ಬಿಡೂ ದೆವ್ವೇನ?” ಎಂದು ನಕ್ಕರು. ಆದರೆ ಮುಂದೆ ರಾಕ್ಷಸರು ದಟ್ಟವಾಗುತ್ತ ಹೋದಂತೆ ಅವರ ನಗು ಆರಿತು. “ಸಂಜಿ ಹೊತ್ತಿನ್ಯಾಗ ಇಂಥಾವೆಲ್ಲಾ ಮನ್ಯಾಗ ಬಿಚ್ಚಬಾರದವ್ವಾ” ಎಂದು ಸೆರಗನ್ನು ಮುಖಕ್ಕೆ ಅಡ್ಡ ಹಿಡಿದು ಕೋಣೆಗೆ ಹೋದವರು ಊಟಕ್ಕೆ ಕರೆದಾಗಲೇ ಹೊರಗೆ ಬಂದದ್ದು. ಅತಿಥಿಯೆದುರು ತಾಯಿ ಹೀಗಾಡಿದ್ದಕ್ಕೆ ಶಶಿಕಾಂತನಿಗೆ ನಾಚಿಕೆಯಾಗಿತ್ತು.

ಕೊನೆಯ ಚಿತ್ರಕ್ಕೆ ಬಂದಾಗ ಯಾಮಿನಿಯ ದನಿ ಇಳಿಯಿತು. ಗೌರವಸ್ಥ ಹೆಂಗಸೊಬ್ಬಳು ತಲೆ ಬಾಚಿಕೊಂಡು ಶಾಂತವಾಗಿ ಕುಳಿತಿದ್ದಳು. ಅವಳ ಬೆನ್ನಿನಿಂದ ಹೊಗೆಯಂಥ ಇನ್ನೊಬ್ಬಳು ಹೊರಟು ಗೋಡೆಯಾಚೆ ಹೋಗುತ್ತಿದ್ದಳು. “ಸತ್ತ ಮೇಲೆ ದೆವ್ವ ಆಗೋದು ಎಲ್ಲಾ ಕಡೆ ಇದೆ. ಇವಳು ಬದುಕಿದ್ದಾಳೆ. ಜೆಲಸಿ ತಡೀಲಾರದೆ ಇವಳ ಆತ್ಮ ಮಾತ್ರ ಎದ್ದು ಹೋಗಿ ಇನ್ನೊಬ್ಬಳನ್ನ ಕಾಡುತ್ತೆ. ಇವಳಿಗೇ ಗೊತ್ತಿರಲ್ಲ. ಗೊತ್ತಾದ ದಿನ ಇವಳಿಗೆ ಆಗೋ ಅವಮಾನ ಇದೆಯಲ್ಲ, ನನ್ನ ಥೀಸಿಸ್ ಪೂರ್ತಿ ಅದರ ಮೇಲೇ.”

“ಅದು ನಾನು ನಿನಗೆ ಫೋನಲ್ಲಿ...” ಎಂದು ಕಾತ್ಯಾಯಿನಿ ಏನೋ ಹೇಳಹೊರಟಳು. “ಅವಳು ಸುಮ್ಮನೆ ಕೂತಿಲ್ಲ, ಕೈ ನೋಡಿ, ಬೆರಳು ಬಿಗಿ...”

“ಕಾತ್ಯಾಯಿನಿ, ಸಾರು ಆರಿಹೋಗ್ತಿದೆ ನೋಡು” ಎಂದ ಶಶಿಕಾಂತ. ಅವಳು ಎದ್ದು ಒಳಗೆ ಹೋದಳು.

ಧೀರಜ್ ಬಾಯಿ ತೆರೆದದ್ದು, “ಯಾಮಿನಿ ಅವರೇ, ಇದೆಲ್ಲಾ ಹಾಬಿಯಾಗಿ ಓಕೆ. ಒಂದು ಸಿ ಪ್ಲಸ್ ಪ್ಲಸ್ ಕೋರ್ಸ್ ಮಾಡ್ಕೊಂಡ್ರೆ ಶಾರ್ಲೆಟ್‌ನಲ್ಲಿ ಬ್ಯಾಂಕ್‌ಗಳೇ ಕರೆದು ಕೆಲಸ ಕೊಡ್ತಾವೆ” ಎನ್ನಲು ಮಾತ್ರ. ಯಾಮಿನಿ ಅವನತ್ತ ನೋಡಲೂ ಇಲ್ಲ.

ಸುರುಳಿ ಸುತ್ತಿದ ಮೇಲೆ ಅದರ ರೇಷ್ಮೆ ದಾರ ಕಟ್ಟುವುದೇ ಒಂದು ವಿದ್ಯೆ. ಗಂಟು ಹಾಕುವಂತಿಲ್ಲ. ಸುತ್ತಿ, ಮಡಿಸಿ, ಒಳಗೆ ತೂರಿಸಿ, ಎಳೆದರೆ ಬಿಚ್ಚುವಂತಿರಬೇಕು. ಮಿಸೆಸ್ ಇಶಿದಾ ತೋರಿಸಿಕೊಟ್ಟರು. ಧೀರಜ್ ಕಟ್ಟಿದ್ದು ಕೈಯಲ್ಲೇ ಉದುರಿತು, ಶಶಿಕಾಂತನದು ಬೂಟಿನ ಲೇಸಾಯಿತು, ಯಾಮಿನಿ ಎಂದಿನಂತೆ ಸೋತು ಬೈಸಿಕೊಂಡಳು. ಕೈ ಒರೆಸಿಕೊಳ್ಳುತ್ತ ಬಂದ ಕಾತ್ಯಾಯಿನಿ ಒಂದೇ ಸಲಕ್ಕೆ ಕಟ್ಟಿಬಿಟ್ಟಳು. ಮಲ್ಲಿಗೆ ಕಟ್ಟಿದ ಮೈಸೂರಿನ ಬೆರಳು ಎಂದು ರಾಮಲಿಂಗಪ್ಪನವರು ಮೆಚ್ಚಿದರು. ಊಟವಾದ ಮೇಲೆ ಎಲ್ಲರೂ ಎದ್ದು ಹೋದರು.

ಈಗ ಬೆಳಗ್ಗೆ ಈ ಕಲೆ.

ಶಶಿಕಾಂತ ನೀರಿಗೆಂದು ಅಡುಗೆಮನೆಗೆ ಹೋದ. ಗೌರಾಬಾಯಿ ಸಿಂಕಿನ ಎದುರು ನಿಂತು ಸ್ಟೀಲ್ ತಟ್ಟೆಯೊಂದನ್ನು ಉಜ್ಜಿ ಉಜ್ಜಿ ತೊಳೆಯುತ್ತಿದ್ದರು. ಅವರ ಬೆರಳೆಲ್ಲ ಕೆಂಪು, ಪಕ್ಕದಲ್ಲಿದ್ದ ಪಾತ್ರೆ ಒರೆಸುವ ಬಟ್ಟೆಯೂ ಕೆಂಪು. ಕಾತ್ಯಾಯಿನಿ ಫ್ರಿಜ್ಜಿಗೆ ಒರಗಿ ನಿಂತಿದ್ದಳು, ಮುಖ ಬಿಳಿಚಿತ್ತು. ಇಷ್ಟು ಸಾಕಾಯಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಯವನು ಶಶಿಕಾಂತ.

“ಅವ್ವಾ! ನೀನ ಏನು? ದೆವ್ವದ ಪಟ ಅಂತ ಅದಕ್ಕೂ ಆರತಿ ಎತ್ತಿದೇನು? ಪರರ ವಸ್ತು ಅದು!”

ಗೌರಾಬಾಯಿ ನಲ್ಲಿ ನಿಲ್ಲಿಸಿದರು. ಒಮ್ಮೆ ಸೊಸೆಯ ಕಡೆ ನೋಡಿ, ಆಮೇಲೆ ಮಗನ ಕಡೆ ನೋಡಿದರು. “ಹೂಂ” ಎಂದರು. “ಅರಿಶಿಣ ಸುಣ್ಣ ಕಲಸಿ ದೃಷ್ಟಿಗೆ ಇಳಿ ತೆಗೀಬೇಕಂತ ಹೋಗಿದ್ದೆ. ಕೈ ಜಾರಿತು.”

ಶಶಿಕಾಂತ ಅಂದದ್ದೆಲ್ಲ ಇಲ್ಲಿ ಬರೆಯುವಂಥದ್ದಲ್ಲ. ಹಳ್ಳಿ ಬುದ್ಧಿ ಅಂದ, ನಿನ್ನಿಂದ ನನ್ನ ಮಾನ ಹೋಯಿತು ಅಂದ. ಧೀರಜನಿಗೂ ಯಾಮಿನಿಗೂ ಕೇಳುವಂತೆಯೇ ಅಂದ. ಆಮೇಲೆ ಫೋನಿನ ಬಳಿ ಕುಳಿತು ಏರ್‌ಲೈನಿನವರನ್ನು ಹಿಡಿದು, ಏಪ್ರಿಲಿಗಿದ್ದ ತಾಯಿಯ ಟಿಕೆಟ್ಟನ್ನು ಅದೇ ವಾರಕ್ಕೆ ಬದಲಾಯಿಸಿದ. ಗೌರಾಬಾಯಿ ಕೋಣೆಗೆ ಹೋಗಿ ಮಂಚದ ಮೇಲೆ ಕುಳಿತರು.

ಇನ್ನು ಮಿಸೆಸ್ ಇಶಿದಾ ಅವರಿಗೆ ಹೇಳಬೇಕಿತ್ತು. ಒಬ್ಬನೇ ಹೋಗುವ ಧೈರ್ಯ ಸಾಲದೆ ಅವನು ಮೆಟ್ಟಿಲು ಹತ್ತಿ ರಾಮಲಿಂಗಪ್ಪನವರ ಬಾಗಿಲು ತಟ್ಟಿದ. “ನೀವು ದೊಡ್ಡವರು, ಜೋಡಿಗೆ ಬರ್ರಿ. ನಮ್ಮವ್ವ ಮಾಡಿದ ಘನಕಾರ್ಯಕ್ಕೆ ಕ್ಷಮೆ ಕೇಳಬೇಕು” ಎಂದು ಎಲ್ಲ ಹೇಳಿದ.

ರಾಮಲಿಂಗಪ್ಪನವರು ಲವಂಗ ಅಗಿಯುತ್ತ ಕೇಳಿದರು. “ಅವ್ವಾರು ತಾವ ಬಂದು ಹೇಳಿದ್ರೋ, ನೀ ಅಂದಿದ್ದಕ್ಕ ಹೂಂ ಅಂದ್ರೋ?”

“ನಾ ಕೇಳಿದೆ. ಒಪ್ಪಿಕೊಂಡ್ಲು.”

“ಕೇಳೋದು ಬ್ಯಾರೆ, ಹೂಂ ಅನಿಸೋದು ಬ್ಯಾರೆ. ತಿಕೀಟೂ ಬದಲಿ ಮಾಡಿದಿ?” ಅವರು ಶಶಿಕಾಂತನನ್ನೇ ನೋಡಿದರು. “ಮಗಾ ಅಂದ್ರ ಹಿಂಗಿರಬೇಕು ನೋಡು. ನಡಿ.”

ಕೆಳಗೆ ಬಂದವರು ಮೊದಲು ಗೌರಾಬಾಯಿಯ ಕೋಣೆಗೇ ಹೋದರು. ಆರೋಗ್ಯ ವಿಚಾರಿಸಿದರು, ಹಲ್ಲುನೋವು ವಿಚಾರಿಸಿದರು, “ಎಲಿ ಅಡಕಿ ನಡದೈತೇನ್ರಿ?” ಎಂದರು.

“ಎಲ್ಲೀದ್ರಿ ಎಲಿ ಅಡಕಿ! ವಿಮಾನ ಇಳಿದಕೂಡ್ಲೆ ಪೊಲೀಸಪ್ಪ ಸುಣ್ಣದ ಡಬ್ಬಿ ಮೂಸಿ ನೋಡಿ ಕಸಗೊಂಡ. ಬಿಳೇ ಪುಡಿ ಅಂದ್ರ ಅವರಿಗೆ ಅಂಜಿಕೆಂತ. ಅವತ್ತಿನಿಂದ ಬಾಯಿ ಬಣಬಣ” ಎಂದು ಗೌರಾಬಾಯಿ ಅಷ್ಟು ಹೊತ್ತಿನ ಮೇಲೆ ಮೊದಲ ಸಲ ನಾಲ್ಕು ಮಾತಾಡಿದರು. ಬಾಗಿಲಲ್ಲಿ ನಿಂತ ಶಶಿಕಾಂತನಿಗೆ ಈ ಹೊತ್ತಿನಲ್ಲಿ ಸುಣ್ಣದ ಪುರಾಣ ಯಾಕೆಂದು ಸಿಡುಕಾಯಿತು.

ಆಮೇಲೆ ರಾಮಲಿಂಗಪ್ಪನವರು ಬೂಟು ಹಾಕಿಕೊಂಡು ಕೆಳಗಿಳಿದು, ಮಂಡಿಯುದ್ದ ಹಿಮದಲ್ಲಿ ಅಡ್ಡಾಡಿ, ಕೆಂಪು ಹಿಮವನ್ನು ಲೋಟದಲ್ಲಿ ತುಂಬಿಕೊಂಡು ಬಂದರು. ಧೀರಜನ ಎದುರು ಕುಳಿತರು. “ತಮ್ಮಾ, ನೀ ಇಲ್ಲೇ ಮಲಗಿದ್ದಿ. ಏನೂ ಕೇಳಲಿಲ್ಲೇನು?”

ಧೀರಜ್ ಕೆಂಪಾದ. “ಬೆಳಗಾಗೋ ಹೊತ್ತಿಗೆ ಅಂಕಲ್, ತುಂಬಾ ಕೋಲ್ಡ್ ಗಾಳಿ ಬಂತು. ಯಾರೋ ಮೇಜಿನ ಹತ್ರ ಇದ್ದ ಹಾಗಾಯ್ತು. ಆ ಪಿಕ್ಚರ್ ನೋಡಿದ್ನಲ್ಲ, ನಾನು ಬ್ಲಾಂಕೆಟ್ ತಲೆ ಮೇಲೆ ಎಳ್ಕೊಂಡ್ಬಿಟ್ಟೆ.”

ಯಾಮಿನಿ ಮುಖ ತಿರುಗಿಸಿಕೊಂಡಳು. ನಗು ತಡೆಯಲೋ ಏನೋ.

“ಯಾಮಿನೀ, ನೀ ಮುಂಜಾನೆ ಬಿಚ್ಚಿದಾಗ ದಾರ ಹೆಂಗಿತ್ತವಾ?”

“ಕರೆಕ್ಟಾಗಿ ಇತ್ತು ಅಂಕಲ್. ಎಳೆದ ತಕ್ಷಣ ಬಿಚ್ಚಿಕೊಳ್ತು.”

ರಾಮಲಿಂಗಪ್ಪನವರು ಕಲೆಗಳ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದರು. ಅಡುಗೆಮನೆಯ ಕಪಾಟು ತೆರೆದು, ಮುಚ್ಚಿದರು. ಕಾತ್ಯಾಯಿನಿಯನ್ನು ಅವರು ಏನೂ ಕೇಳಲಿಲ್ಲ. ಅವಳು ಅಕ್ಕಿ ಆರಿಸುತ್ತಿದ್ದಳು. ಅಮೆರಿಕದ ಚೀಲದ ಅಕ್ಕಿಯಲ್ಲಿ ಆರಿಸಲು ಏನಿರುತ್ತದೆ ಎಂದು ಶಶಿಕಾಂತನಿಗೆ ಹೊಳೆಯಲೇ ಇಲ್ಲ.

ಮಧ್ಯಾಹ್ನ ಎಲ್ಲರೂ ಹಾಲ್‌ನಲ್ಲಿ ಸೇರಿದರು. ಮಿಸೆಸ್ ಇಶಿದಾ ಸುರುಳಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ಕಲೆಯನ್ನು ನೋಡಿದಾಗ ಅವರು ಕೂಗಲಿಲ್ಲ, ಅಳಲಿಲ್ಲ. ಅದನ್ನು ಮತ್ತೆ ಸುತ್ತಲು ಮಾತ್ರ ಅವರಿಗೆ ಬಹಳ ಹೊತ್ತು ಹಿಡಿಯಿತು. ಶಶಿಕಾಂತನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಯಾಮಿನಿ ಅವರ ಪಕ್ಕದಲ್ಲಿ ಕುಳಿತು ಒಂದೊಂದು ಮಾತನ್ನೂ ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಿದ್ದಳು.

“ಮೊದಲು ರಕ್ತದ ಮಾತು ಮುಗಿಸೋಣ” ಎಂದರು ರಾಮಲಿಂಗಪ್ಪ. ಕರಗಿದ ಕೆಂಪು ಹಿಮದ ಲೋಟಕ್ಕೆ ನಿಂಬೆಹಣ್ಣು ಹಿಂಡಿದರು. ಕೆಂಪು ಮಾಯವಾಗಿ ನೀರು ಹಳದಿಯಾಯಿತು. ಧೀರಜ್ “ವಾವ್” ಎಂದ. “ಅರಿಶಿಣ. ಕ್ಷಾರ ಸೇರಿದ್ರ ಕೆಂಪು, ಹುಳಿ ಸೇರಿದ್ರ ತಿರುಗಿ ಹಳದಿ. ನಮ್ಮ ಮನ್ಯಾಗಿನ ಆರತಿ ನೀರು ಇದು. ದೆವ್ವದ ಕೆಲಸ ಅಲ್ಲ. ಇದನ್ನ ಗೌರಾಬಾಯಾರೂ ನೋಡಿದಕೂಡ್ಲೆ ಗುರ್ತು ಹಿಡಿದ್ರು. ಅದಕ್ಕ ಅವರು ತಪ್ಪೊಪ್ಪಿಕೊಂಡದ್ದು.”

“ಅಂದ್ರ ಅವ್ವನ...” ಎಂದ ಶಶಿಕಾಂತ.

“ತಡಿ. ಅರಿಶಿಣಕ್ಕ ಸುಣ್ಣ ಹಾಕಿದೆ ಅಂದ್ರು. ಯಾವ ಸುಣ್ಣ? ಡಬ್ಬಿ ಡಲಸ್ ಏರ್‌ಪೋರ್ಟಿನ್ಯಾಗ ಹೋತು. ಈ ಮನ್ಯಾಗ ಸುಣ್ಣ ಇಲ್ಲ. ಕಪಾಟಿನ್ಯಾಗ ಇರೋದು ಬೇಕಿಂಗ್ ಸೋಡಾದ ಡಬ್ಬಿ. ಸುಣ್ಣ ಸಿಗದ ಈ ದೇಶದಾಗ ನಮ್ಮ ಹೆಣ್ಮಕ್ಕಳು ಆರತಿಗೆ ಅದನ್ನ ಬಳಸ್ತಾರ. ಊರಿಂದ ಈಗ ಬಂದ ಹಿರೇರಿಗೆ ಅದು ತಿಳಿದಿಲ್ಲ, ಇಲ್ಲೇ ಅಡಿಗಿ ಮಾಡಿಕೊಂಡು ಇದ್ದವರಿಗೆ ಮಾತ್ರ ಗೊತ್ತು.”

ಅವರು ಒಂದು ನ್ಯೂಸ್‌ಪೇಪರನ್ನು ಸುರುಳಿ ಸುತ್ತಿ ದಾರದ ಸಮೇತ ಗೌರಾಬಾಯಿಯ ಕೈಗಿತ್ತರು. “ಇದನ್ನ ಕಟ್ಟಿ ಕೊಡ್ರಿ.” ಗೌರಾಬಾಯಿ ದಾರ ಸುತ್ತಿ, ಹಿಟ್ಟಿನ ಚೀಲಕ್ಕೆ ಹಾಕುವಂಥ ಗಟ್ಟಿ ಗಂಟು ಜಡಿದರು. ಬಿಚ್ಚಲು ಹಲ್ಲು ಬೇಕಾಗುತ್ತಿತ್ತು.

“ಕಲೆ ಒಂದ ಅಲ್ಲ, ಸಾಲಾಗಿ ಮೂಡ್ಯಾವು. ಅಂದ್ರ ಹಸಿ ಇದ್ದಾಗಲೇ ಸುತ್ತಿದ್ದಾರ. ಚೆಲ್ಲಿದವರ ಕೈನ ಸುತ್ತಿ, ದಾರಾನೂ ಕಟ್ಟೈತಿ. ನಿನ್ನೆ ಆ ದಾರ ಕಟ್ಟೋದು ತೋರಿಸಿದಾಗ ಗೌರಾಬಾಯಾರು ಕೋಣ್ಯಾಗಿದ್ರು. ಇನ್ನೊಂದು. ಮುಚ್ಚಿಟ್ಟ ಸುರುಳಿಯ ಕಟ್ಟಕಡೀ ಚಿತ್ರಕ್ಕ ನೀರು ಬೀಳಬೇಕಂದ್ರ ಅಲ್ಲೀ ತನಕ ಬೇಕಂತನ ಬಿಚ್ಚಿ ನೋಡಿರಬೇಕು. ದೆವ್ವ ಅಂತ ಮುಖಕ್ಕ ಸೆರಗು ಹಿಡಿದವರು ಎಲ್ಲಾ ದೆವ್ವ ದಾಟಿ ಆ ಹೆಂಗಸಿನ ತನಕ ಯಾಕ ಹೋಗ್ತಾರ?”

ರಾಮಲಿಂಗಪ್ಪನವರು ಶಶಿಕಾಂತನ ಕಡೆ ತಿರುಗಿದರು. “ಇವೆಲ್ಲಾ ಹೊರಗಿನವರಿಗೆ ಬೇಕಾದ ಪುರಾವೆ. ನಿನಗ ಒಂದ ಸಾಕಿತ್ತು. ನಿಮ್ಮಪ್ಪ ತೀರಿಕೊಂಡ ಮ್ಯಾಲ ನಿಮ್ಮವ್ವ ಆರತಿ ತಾಟು ಮುಟ್ಟಿದ್ದು ನೋಡೀಯೇನು?”

ಶಶಿಕಾಂತ ನೆನಪು ಮಾಡಿಕೊಂಡ. ಅವನ ಮದುವೆಯಲ್ಲಿ ಆರತಿ ಎತ್ತಿದ್ದು ಸೋದರತ್ತೆ. ಹೊಸ ಸೊಸೆ ಹೊಸ್ತಿಲು ದಾಟುವಾಗ ಎತ್ತಿದ್ದು ಪಕ್ಕದ ಮನೆಯಾಕೆ. ಅವ್ವ ಎರಡು ಸಲವೂ ಎಲ್ಲಿದ್ದಳು? ಅಡುಗೆಮನೆಯ ಬಾಗಿಲ ಮರೆಯಲ್ಲಿದ್ದಳೇನೋ. ಅವನು ಅವತ್ತು ನೋಡಿರಲಿಲ್ಲ, ಈವರೆಗೆ ಯೋಚಿಸಿಯೂ ಇರಲಿಲ್ಲ.

“ಅದು ಸರಿ ಅಂತ ನಾ ಅನ್ನಾಕತ್ತಿಲ್ಲ” ಎಂದರು ರಾಮಲಿಂಗಪ್ಪ. “ಗಂಡ ಸತ್ತಾಕಿ ಆರತಿ ಎತ್ತಬಾರದು ಅನ್ನೋ ಕಟ್ಟಳೆಗೆ ನನ್ನ ಧಿಕ್ಕಾರ ಐತಿ. ಆದ್ರ ಅವರು ಅದನ್ನ ಪಾಲಿಸ್ಕೊಂಡು ಬಂದಾರ. ಇಳಿ ತೆಗಿಯೂದಾದ್ರ ಅವರು ಉಪ್ಪು ಮೆಣಸಿನಕಾಯಿ ತಗೋತಿದ್ರು, ಕೆಂಪು ಆರತಿ ಅಲ್ಲ. ಅವರಿಗೆ ಸುಳ್ಳು ಹೇಳೋದು ಎಷ್ಟು ಹೊಸದು ಅಂದ್ರ, ಮುಟ್ಟಬಾರದ್ದನ್ನ ಮುಟ್ಟಿದೆ ಅಂತ ಹೇಳಿಬಿಟ್ರು. ನೀ ಅದನ್ನೂ ನಂಬಿದಿ.”

“ಹಾಗಾದ್ರೆ ಯಾರು ಅಂಕಲ್?” ಎಂದಳು ಯಾಮಿನಿ. ಕೇಳಿದ ಕ್ಷಣವೇ ಅವಳ ದನಿ ಕುಗ್ಗಿತು. ಸೋಡಾದ ಗುಟ್ಟು ಯಾರಿಗೆ ಗೊತ್ತು, ದಾರವನ್ನು ಒಂದೇ ಸಲಕ್ಕೆ ಕಟ್ಟಿದವರು ಯಾರು ಎಂಬುದು ಅವಳಿಗೂ ಆಗಲೇ ಹೊಳೆದಿತ್ತು.

“ಕೈ ಯಾವುದು ಅಂತ ಗೊತ್ತೈತಿ. ಹೆಸರು ನಾ ಹೇಳಂಗಿಲ್ಲ” ಎಂದರು ರಾಮಲಿಂಗಪ್ಪ.

ಕಾತ್ಯಾಯಿನಿ ಎದ್ದು ನಿಂತಳು.

“ನಾನೇ” ಎಂದಳು. “ಬೆಳಗ್ಗೆ ರೋಡ್ ಓಪನ್ ಆದ್ರೆ ಯಾಮಿನಿ ಹೊರಡ್ತಾಳೆ ಅಂತ ಆರತಿ ರೆಡಿ ಮಾಡ್ಕೊಂಡೆ. ಅಮ್ಮ ಇದ್ದಿದ್ರೆ ಮಾಡ್ತಿದ್ರು ಅಂತ. ಅದರಲ್ಲಿ ಕೆಟ್ಟದ್ದೇನೂ ಇರ್ಲಿಲ್ಲ, ದೇವರಾಣೆ. ತಟ್ಟೆ ಹಿಡ್ಕೊಂಡು ಬಂದೆ. ಇವಳಿನ್ನೂ ಎದ್ದಿರ್ಲಿಲ್ಲ. ಅಷ್ಟರಲ್ಲಿ ಇನ್ನೊಂದು ಸಲ ಆ ಚಿತ್ರ ನೋಡೋಣ ಅನ್ನಿಸ್ತು. ನಿನ್ನೆ ಪೂರ್ತಿ ನೋಡೋಕಾಗ್ಲಿಲ್ಲ.”

ಸಾರಿನ ನೆಪ ಹೇಳಿ ಎಬ್ಬಿಸಿದವನು ಯಾರೆಂದು ಶಶಿಕಾಂತನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ಈ ಕತೆಗಳನ್ನೆಲ್ಲ ಇವಳಿಗೆ ಮೊದಲು ಹೇಳಿದ್ದು ನಾನು. ನನಗೆ ಮೈಸೂರಲ್ಲಿ ರೀಸರ್ಚ್ ಸೀಟ್ ಸಿಕ್ಕಿತ್ತು, ಚಿತ್ರಕಲೆಯ ಹಿಸ್ಟರಿಯಲ್ಲಿ. ಮದುವೆ ಆಯ್ತು. ಮುಂದಿನ ವರ್ಷ ಇಲ್ಲೇ ಅಪ್ಲೈ ಮಾಡೋಣ ಅಂದ್ರು ಇವರು. ಪ್ರತಿ ವರ್ಷಾನೂ ಅಂದ್ರು. ಡಿಪೆಂಡೆಂಟ್ ವೀಸಾ, ಕೆಲಸಕ್ಕೂ ಹೋಗೋ ಹಾಗಿಲ್ಲ. ಫೋನಲ್ಲಿ ಇವಳಿಗೆ ಹೇಳ್ತಿದ್ದೆ, ಆ ಹೆಂಗಸಿನ ಭಯಕ್ಕಿಂತ ಅವಳ ಅವಮಾನದ ಬಗ್ಗೆ ಬರಿ ಅಂತ. ನಿನ್ನೆ ಅದೇ ಇವಳ ಥೀಸಿಸ್ ಆಗಿ ಬಂತು. ಅವಳ ಮುಖ ನೋಡ್ತಾ ನಿಂತಿದ್ದೆ. ಎಷ್ಟು ಶಾಂತವಾಗಿ ಕೂತಿದ್ದಾಳೆ ಅನ್ನಿಸ್ತು. ತಟ್ಟೆ ಬಾಗಿತು. ನಾನೇ ಬಾಗಿಸಿದ್ನಾ, ಅದೇ ಬಾಗಿತಾ, ಎಷ್ಟು ಸಲ ಕೇಳ್ಕೊಂಡ್ರೂ ಗೊತ್ತಾಗ್ತಿಲ್ಲ. ಆದ್ರೆ ಒರೆಸಲಿಲ್ಲ ನಾನು. ಸುತ್ತಿ, ದಾರ ಕಟ್ಟಿ, ಉಳಿದ ನೀರನ್ನ ಬಾಲ್ಕನಿಯಿಂದ ಚೆಲ್ಲಿದೆ. ಅದಂತೂ ನಾನೇ ಮಾಡಿದ್ದು.”

ಅವಳು ಅತ್ತೆಯ ಕಡೆ ತಿರುಗಿದಳು. “ತಟ್ಟೆ ತೊಳೆಯೋಕೂ ಆಗದೆ ಅಳ್ತಾ ನಿಂತಿದ್ದೆ. ಅತ್ತೆ ಬಂದು ತಾವೇ ತೊಳೆದ್ರು. ಅವರನ್ನ ಬೈತಿದ್ದಾಗ ಬಾಯಿ ಬಿಡಬೇಕಿತ್ತು ನಾನು. ಬಿಡಲಿಲ್ಲ. ಅದಕ್ಕಿಂತ ಹೇಸಿಗೆ ಇನ್ನೇನಿದೆ.”

ಈ ಮಾತುಗಳನ್ನು ಯಾಮಿನಿ ಇಂಗ್ಲಿಷಿಗೆ ತಿರುಗಿಸಲಿಲ್ಲ. ತಲೆ ತಗ್ಗಿಸಿ ಕುಳಿತಿದ್ದಳು. ಕೊನೆಗೆ ಕಾತ್ಯಾಯಿನಿಯೇ ಮಿಸೆಸ್ ಇಶಿದಾ ಅವರ ಎದುರು ನೆಲದ ಮೇಲೆ ಕುಳಿತು, ಎಲ್ಲವನ್ನೂ ತನ್ನ ಇಂಗ್ಲಿಷಿನಲ್ಲಿ ಮೊದಲಿನಿಂದ ಹೇಳಿದಳು. ಮಿಸೆಸ್ ಇಶಿದಾ ತಡೆಯದೆ ಕೇಳಿದರು.

“ಪರವಾಗಿಲ್ಲ ಎಂದು ನಾನು ಹೇಳಲಾರೆ” ಎಂದರು ಅವರು ಇಂಗ್ಲಿಷಿನಲ್ಲಿ. “ಇದು ನನ್ನ ಅಜ್ಜಿಯದು. ನನಗೆ ತುಂಬ ದುಃಖವಾಗಿದೆ. ಸರಿಪಡಿಸುವವರು ವಾಷಿಂಗ್ಟನ್ನಿನಲ್ಲಿ ಇದ್ದಾರೆ, ಹಿಮ ಕರಗಿದ ಮೇಲೆ ಕೊಂಡೊಯ್ಯುತ್ತೇನೆ. ನೀನು ಜೊತೆಗೆ ಬರಬೇಕು. ಇನ್ನು ನಿನ್ನೆ ಅವಳ ಬೆರಳುಗಳ ಬಗ್ಗೆ ಏನೋ ಹೇಳುತ್ತಿದ್ದೆ. ಅದನ್ನು ನಾನು ಕೇಳಬೇಕು. ಇವತ್ತಲ್ಲ.” ಅವರು ಸುರುಳಿಯನ್ನು ಎದೆಗೊತ್ತಿಕೊಂಡು ಎದ್ದು, ಗೌರಾಬಾಯಿಯ ಎದುರು ನಿಂತು ಸೊಂಟ ಬಾಗಿಸಿ ನಮಸ್ಕರಿಸಿ ಮನೆಗೆ ಹೋದರು.

ಯಾಮಿನಿ ಅಕ್ಕನ ಪಕ್ಕ ನೆಲದ ಮೇಲೆ ಕುಳಿತಳು. “ಥೀಸಿಸ್ ವಿಷಯ ಹೇಳುವಾಗ ನಿನ್ನ ಹೆಸರು ಹೇಳಬೇಕಿತ್ತು ಅಕ್ಕ. ನಿನ್ನೆ ನೀನು ಎದ್ದು ಹೋದಾಗಲೂ ನೆನಪಾಯ್ತು, ಆದ್ರೂ ಹೇಳಲಿಲ್ಲ” ಎಂದಳು. 

ಧೀರಜ್ ತನ್ನ ಬ್ಯಾಗು ಎತ್ತಿಕೊಂಡು ರಾಮಲಿಂಗಪ್ಪನವರ ಜೊತೆ ಮೇಲಿನ ಮನೆಗೆ ಹೊರಟ. ಆ ಹುಡುಗ ಅವತ್ತು ಮಾಡಿದ ಒಂದೇ ಜಾಣ ಕೆಲಸ ಅದು. ಬಾಗಿಲಲ್ಲಿ ರಾಮಲಿಂಗಪ್ಪನವರು ಶಶಿಕಾಂತನ ಹೆಗಲ ಮೇಲೆ ಕೈಯಿಟ್ಟರು. ಪ್ರತಿ ಸಲ ಪತ್ತೆ ಮುಗಿದ ಮೇಲೆ “ಭಲೇ ರಾಮಲಿಂಗಪ್ಪಾರ” ಎನ್ನುತ್ತಿದ್ದವನಿಗೆ ಅವತ್ತು ಅವರ ಮುಖ ನೋಡಲಾಗಲಿಲ್ಲ.

ಗೌರಾಬಾಯಿ ಕೋಣೆಯಲ್ಲಿ ಸೀರೆಗಳನ್ನು ಮಡಿಸಿ ಪೆಟ್ಟಿಗೆಗೆ ಇಡುತ್ತಿದ್ದರು. ಶಶಿಕಾಂತ ಹೊಸ್ತಿಲಲ್ಲಿ ನಿಂತ.

“ಅವ್ವಾ, ಪೆಟಗಿ ಕಟ್ಟಬ್ಯಾಡ. ಏರ್‌ಲೈನಿನವರಿಗೆ ಈಗ ಫೋನ್ ಹಚ್ತೀನಿ. ತಪ್ಪಾತು.”

“ತಪ್ಪು ಆಕೀ ಮುಂದ ಒಪ್ಪಿಕೊ. ಲಗ್ನ ಆದಾಗಿನ ಐದು ವರ್ಷದ್ದು ಐತಿ ಅಲ್ಲಿ.” ಅವರು ಮಡಿಕೆಯನ್ನು ಅಂಗೈಯಿಂದ ಸವರಿದರು. “ಅಕ್ಕತಂಗೇರು ಒಡೀಬಾರದು ಅಂತ ನಾ ಹೂಂ ಅಂದೆ. ನಾ ಹೆಂಗೂ ಊರಿಗೆ ಹೋಗಾಕಿ, ನನಗೇನು ಬಂತು ಅಂತ.”

“ನನಗ ಹೇಳಬೇಕಿತ್ತವ್ವಾ, ಮಾಡಿಲ್ಲ ಅಂತ.”

ಗೌರಾಬಾಯಿ ಕೈಯಲ್ಲಿದ್ದ ಸೀರೆಯನ್ನು ಕೆಳಗಿಟ್ಟು ಮಗನ ಮುಖ ನೋಡಿದರು. ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿಯಬೇಕೆಂಬಂತೆ ಕೇಳಿದರು.

“ಮಾಡೇನಿ ಅಂದಕೂಡ್ಲೆ ನಂಬಿದಿ ತಮ್ಮಾ. ಮಾಡಿಲ್ಲ ಅಂದಿದ್ರ ನಂಬತಿದ್ದೇನು?”

ಹಾಲ್‌ನಲ್ಲಿ ಅಕ್ಕತಂಗಿಯರು ಮೆಲ್ಲಗೆ ಮಾತಾಡುತ್ತಿದ್ದರು. ಶಶಿಕಾಂತ ಹೂಂ ಅನ್ನಲು ಬಾಯಿ ತೆರೆದ. ಅದು ಸುಳ್ಳೆಂದು ಅವ್ವನಿಗೆ ಗೊತ್ತಾಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು, ಹಾಗಾಗಿ ಬಾಯಿ ಮುಚ್ಚಿಕೊಂಡ.